ಹಲಗೆಯ ನೆರಳು

ಏಪ್ರಿಲ್ ೧೯, ಭಾನುವಾರ

ನನ್ನ ತಂಗ್ಯಮ್ಮನಿಗೆ,

ಈ ಹಕ್ಕಿ ಕಾಯುವ ವ್ಯವಹಾರಕ್ಕೆ ಇಲ್ಲಿಯವರೆಗೆ ತಗುಲಿದ್ದು: ಹನ್ನೆರಡು ಇಲಿಬೋನು, ಎರಡು ಹಲಗೆ, ನನ್ನ ಸೊಂಟ, ಒಂದು ಹಕ್ಕಿಮರಿ, ಹನ್ನೊಂದು ತಿಂಗಳಿನ ನಿನ್ನ ಮಾತು. ಕೊನೆಯದೇ ದುಬಾರಿಯಾಯಿತು. ಕಾಗದ ತಡವಾದದ್ದಕ್ಕೆ ಬೈಯಬೇಡ. ಶಾಯಿ ಇತ್ತು, ಮುಖ ಇರಲಿಲ್ಲ.

ನಡುಗಡ್ಡೆಗೆ ರೀವ ಹಕ್ಕಿಗಳು ಮತ್ತೆ ಬಂದಿವೆ. ನೀನು ಬೇರೆ ನದಿಯಲ್ಲಿ ಹಕ್ಕಿ ಎಣಿಸುತ್ತಿದ್ದೀಯಲ್ಲ, ಇಲ್ಲಿಯ ಎಣಿಕೆ ನಾನೇ ಇಟ್ಟಿದ್ದೇನೆ. ಹದಿನಾಲ್ಕು ಗೂಡು. ಗೂಡು ಅನ್ನುವುದೂ ಹೆಚ್ಚೇ. ಮರಳು ಕೆದರಿ ಮೊಟ್ಟೆ ಇಟ್ಟಿವೆ, ಅಷ್ಟೆ. ನನ್ನ ಇಲಿಯಾದರೆ ಬಟ್ಟೆಚೂರು ಹಾಸಿಕೊಂಡು ವರ್ಷಕ್ಕೆ ನಾಲ್ಕೈದು ಸಲ ಹೆರುತ್ತದೆ. ನಿನ್ನ ಹಕ್ಕಿ ಎರಡೋ ಮೂರೋ ಮೊಟ್ಟೆಗೆ ಇಡೀ ಬೇಸಿಗೆ ಬಿಸಿಲಲ್ಲಿ ಕಾಯುತ್ತದೆ. ಅಳಿಯುತ್ತಿರುವ ಪ್ರಾಣಿಗಳ ಪಟ್ಟಿ ಓದಿ ನೀನೇ ಹೇಳಿದ್ದೆ: "ಅಣ್ಣಾ, ನಿನ್ನ ಕಪ್ಪಿಲಿ 'ಚಿಂತೆಯಿಲ್ಲ' ಅನ್ನೋ ಪಟ್ಟೀಲಿದೆ. ನಮ್ಮ ನದಿ ರೀವ ಅಳಿವಿನ ಅಪಾಯದ ಪಟ್ಟಿಗೆ ಬಂದಿದೆ." ಅದಕ್ಕೆ ನಿನ್ನ ಅತ್ತಿಗೆ, "ನಿಮ್ಮಣ್ಣ ಯಾವ ಪಟ್ಟೀಲಿದಾರೆ, ನೋಡಮ್ಮ" ಅಂದಿದ್ದಳು.

ಕಳೆದ ವರ್ಷದ ತಪ್ಪು, ಬೋನು ಮಾಡುವ ನನ್ನಂಥವನು ಮಾತ್ರ ಮಾಡಬಲ್ಲಂಥದ್ದು. ಮೊಟ್ಟೆ ಕದಿಯಲು ಬರುವ ಇಲಿ ಗೋಡೆ ಸವರಿಕೊಂಡೇ ಓಡುತ್ತದೆ. ಮರಳಲ್ಲಿ ಗೋಡೆಯಿಲ್ಲವೆಂದು ಹಲಗೆ ನಿಲ್ಲಿಸಿ ಪಕ್ಕದಲ್ಲಿ ಬೋನು ಇಟ್ಟೆ. ಹಲಗೆಗೆ ನೆರಳಿರುತ್ತದೆ, ಮರಿಗಳು ನೆರಳು ಹುಡುಕುತ್ತವೆ ಎಂಬುದು ಹೊಳೆಯಲೇ ಇಲ್ಲ. ನೆರಳಿಗೆ ಬಂದ ಒಂದು ಮರಿ ಬೋನಿನೊಳಗೆ ಹೋಗಿ, ನೆರಳು ಸರಿದ ಮೇಲೆ ಬಿಸಿಲಿಗೆ ಸತ್ತಿತು. ನೀನು ಪುಸ್ತಕದಲ್ಲಿ 'ಒಂದು' ಎಂದು ಬರೆದುಕೊಂಡೆ.

ಈ ಸಲ ಹಲಗೆಯಿಲ್ಲ. ಸಂಜೆ ಬೋನು ತೆರೆದಿಟ್ಟು, ಬೆಳಕು ಹರಿಯುವ ಮೊದಲೇ ಒಂದು ದಿನವೂ ತಪ್ಪದೆ ಹೋಗಿ ಮುಚ್ಚುತ್ತೇನೆ. "ಏನ್ರೀ ಬೋನಿನ ಸಾಹುಕಾರ್ರೇ, ಹಕ್ಕಿಗೆ ಬಾಣಂತನ ಮಾಡ್ತಿದೀರಾ?" ಎಂದು ದೋಣಿಯವನು ಕೇಳಿದ. "ತಂಗಿ ಊರಲ್ಲಿಲ್ವಲ್ಲಪ್ಪ, ಇನ್ಯಾರು ಮಾಡ್ತಾರೆ" ಅಂದೆ. ಮರಿ ಮೀನಿಗೆ ಬಾಯಿ ತೆರೆದಾಗಲೆಲ್ಲ ನಿನಗೆ ತೋರಿಸಲೆಂದು ಪಕ್ಕಕ್ಕೆ ತಿರುಗುತ್ತೇನೆ. ಅಲ್ಲಿ ಚೀಲ ಇರುತ್ತದೆ.

ಚೆನ್ನಾಗಿರು. ನೆರಳಲ್ಲಿ ಕೂತು ಎಣಿಸು.

ನಿನ್ನ ಅಣ್ಣ

ಮೇಲೆ ಬರೆಯಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಮರಿ ಸತ್ತ ಆ ದಿನ, "ಬೆಳಗ್ಗೆ ಬೋನು ಮುಚ್ಚಿ ಬಂದಿದ್ದೆ, ಅಗುಳಿ ಸಡಿಲ ಇತ್ತೇನೋ" ಅಂದದ್ದು ಸುಳ್ಳು. ನಾನು ಹೋಗಿರಲೇ ಇಲ್ಲ, ಮಲಗಿದ್ದೆ. "ಅಗುಳಿ ನಾನು ನೋಡ್ಬೇಕಿತ್ತು" ಎಂದು ನೀನು ತಪ್ಪು ಹೊತ್ತುಕೊಂಡು ಬೇರೆ ನದಿಗೆ ಹೋದೆ. ನಾನು ಬಾಯಿ ಬಿಡಲಿಲ್ಲ.

ಈ ಬೇಸಿಗೆಯ ಫಲ ಇಷ್ಟು: ಇಲಿಗಳು ಒಂಬತ್ತು ಹೋದವು, ಅವಕ್ಕೆ ಚಿಂತೆಯಿಲ್ಲ. ರೀವಗಳಿಗೆ ಇಪ್ಪತ್ತೊಂದು ಮರಿ. ದೋಣಿಯವನಿಗೆ ನಗಲು ಒಂದು ವಿಷಯ. ನಿನಗೆ, ನಿನ್ನದಲ್ಲದ ತಪ್ಪೊಂದು ಕಡಿಮೆ. ನನಗೆ ಇನ್ನೂ ಏನೂ ಬಂದಿಲ್ಲ.