ಟೆಸ್ಟರ್ ಬೀಡಿ ಕಟ್ಟಿನ ಪಕ್ಕ ಇದೆ

ಅಪ್ಪ,

ನೀನು ಏಳುವ ಮೊದಲೇ ಹೊಸದುರ್ಗದ ಬಸ್ಸಿಗೆ ಹೋಗುತ್ತಿದ್ದೇನೆ. ನಿನಗೆ ಮುಖ ತೋರಿಸಲು ಆಗುತ್ತಿಲ್ಲ. ಸಾರು ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಬಿಪಿ ಮಾತ್ರೆ ನುಂಗು.

ಚಿತ್ರದುರ್ಗದಲ್ಲಿ ವೈರ್‌ಮನ್ ಪರೀಕ್ಷೆ ಚೆನ್ನಾಗಿ ಆಯಿತು ಅಂತ ನಿನ್ನೆ ಹೇಳಿದೆನಲ್ಲ, ಅದು ಸುಳ್ಳು. ಫೇಲಾದೆ. ಸ್ವಿಚ್ ಬದಲಾಯಿಸುವ ಕೆಲಸ ಕೊಟ್ಟಿದ್ದರು. ಬೋರ್ಡಿನ ಬಲ್ಬ್ ಉರಿಯುತ್ತಿರಲಿಲ್ಲ. ಟೆಸ್ಟರ್ ಹಿಡಿದು ನೋಡದೆ ಸೀದಾ ತಂತಿಗೆ ಕೈ ಹಾಕಲು ಹೋದೆ. ಪರೀಕ್ಷೆ ಮಾಡುವವರು ಕೈ ಹಿಡಿದು ನಿಲ್ಲಿಸಿದರು.

"ಕರೆಂಟ್ ಹೋಗೈತಲ್ಲ ಸರ್" ಅಂದೆ. ಪರೀಕ್ಷೆಗೆ ಬಂದಿದ್ದವರೆಲ್ಲ ನಕ್ಕರು. ಬಲ್ಬ್ ಕೆಟ್ಟಿತ್ತು ಅಷ್ಟೇ, ತಂತಿಯಲ್ಲಿ ಕರೆಂಟ್ ಇತ್ತು.

ತಾಳ್ಯದ ತೋಟಗಳಲ್ಲಿ ತ್ರೀ ಫೇಸ್ ಕರೆಂಟ್ ಹೋಗುವುದನ್ನೇ ಕಾದಿದ್ದು ನಾವಿಬ್ಬರೂ ಟೆಸ್ಟರ್ ಇಡದೆಯೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚುತ್ತೇವಲ್ಲ, ಅದೇ ರೂಢಿ.

"ಯಾರಮ್ಮ ನಿಂಗೆ ಹಿಂಗ್ ಕಲ್ಸಿದ್ದು?" ಅಂತ ಪರೀಕ್ಷೆ ಮಾಡುವ ಸರ್ ಕೇಳಿದರು. ನನ್ನದೇ ತಪ್ಪು ಅನ್ನಬೇಕಿತ್ತು. ಅವರೆಲ್ಲ ನಗುತ್ತಿದ್ದರಲ್ಲ, "ನಮ್ಮಪ್ಪ" ಅಂದುಬಿಟ್ಟೆ. ಅಷ್ಟು ಜನರ ಮುಂದೆ ನಿನ್ನ ಮರ್ಯಾದೆ ತೆಗೆದೆ.

ಆ ಸರ್ ಒಬ್ಬರು ಮಾತ್ರ ನಗಲಿಲ್ಲ. "ನಿಮ್ಮಪ್ಪ ಬದುಕಿದಾರೇನಮ್ಮ?" ಅಂತ ಮೆಲ್ಲಗೆ ಕೇಳಿದರು.

ಇವತ್ತು ಬೋರಪ್ಪನವರ ತೋಟಕ್ಕೆ ಮೋಟರ್ ರಿಪೇರಿಗೆ ನೀನೊಬ್ಬನೇ ಹೋಗುತ್ತೀಯ. ನನ್ನ ಟೆಸ್ಟರ್ ನಿನ್ನ ಬೀಡಿ ಕಟ್ಟಿನ ಪಕ್ಕ ಇಟ್ಟಿದ್ದೇನೆ. ಕರೆಂಟ್ ಹೋಗಿದ್ದರೂ ಸರಿ, ಅದನ್ನು ಇಟ್ಟು ನೋಡದೆ ತಂತಿ ಮುಟ್ಟಬೇಡ.

ಸಂಜೆ ಬಂದಾಗ ನನ್ನನ್ನು ಬೈಯಲು ನೀನು ಮನೆಯಲ್ಲಿರಬೇಕು.

ಚಂದ್ರಿ