ಬೀಗ ಜಡಿದವರೇ ಪಂಚರಾದರೆ

ಮಾನ್ಯ ಬೀಗಾಧಿಕಾರಿಗಳೇ,

ನಮ್ಮ ಸಂತೆ ಮೈದಾನದ ಹೆಣ್ಣುಮಕ್ಕಳ ಶೌಚಾಲಯಕ್ಕೆ ತಾವು ಬೀಗ ಜಡಿದು ಹನ್ನೊಂದು ತಿಂಗಳಾಯಿತು. ಅದನ್ನು ನೋಡಿಕೊಳ್ಳುವ ಗುತ್ತಿಗೆ ನಮ್ಮ ಮಹಿಳಾ ಸಂಘದ್ದು. ಮೇಲಿನ ನೀರಿನ ಟಾಕಿ ಒಡೆಯಿತು. ರಿಪೇರಿ ತಮ್ಮ ಕಚೇರಿಯದು ಎಂದು ನಾವು, ಸಂಘದ್ದು ಎಂದು ತಾವು. ಟಾಕಿ ಇನ್ನೂ ಒಡೆದೇ ಇದೆ. ಬೀಗ ಮಾತ್ರ ಹೊಸದು, ಗಟ್ಟಿಮುಟ್ಟಾದದ್ದು.

ಕೋರ್ಟಿಗೆ ಹೋದೆವು. ನ್ಯಾಯಾಲಯ ಕರಾರುಪತ್ರದ ಹತ್ತೊಂಬತ್ತನೇ ಕಲಮು ತೆಗೆದು, ತಕರಾರು ಬಂದರೆ ಮಧ್ಯಸ್ಥಗಾರರ ಬಳಿ ಹೋಗುವುದಾಗಿ ನೀವೇ ಒಪ್ಪಿದ್ದೀರಿ, ಅಲ್ಲಿಗೇ ಹೋಗಿ ಎಂದಿತು. ಒಪ್ಪಿದ್ದು ನಿಜ. ಸಂಘದ ಪರವಾಗಿ ಸಹಿ ಹಾಕುವ ಮೊದಲು ಆ ಕಲಮನ್ನು ನಮ್ಮ ಮಾವ ಉಳವಪ್ಪನವರಿಗೆ ಓದಿ ಹೇಳಿದ್ದೆ. ನಲವತ್ತು ವರ್ಷ ಊರಿನ ಪಂಚರಾಗಿದ್ದವರು. "ಪಂಚರ ಕಡೆ ಹೋಗೂದಂದ್ರ ಚಲೋನ ಆತಲ್ಲವಾ, ಸಹಿ ಮಾಡು. ಕೋರ್ಟಿಗಿ ಅಡ್ಡಾಡೂದು ತಪ್ಪತೈತಿ" ಎಂದರು. ಸ್ವಂತ ಅಣ್ಣನ ಮಗನ ಬದುವಿನ ಜಗಳ ಕಟ್ಟೆಗೆ ಬಂದ ದಿನ ಅವರು ಪಂಚರ ಸಾಲಿನಿಂದ ಎದ್ದು, ತೀರ್ಮಾನ ಮುಗಿಯುವವರೆಗೆ ದೂರ ಹೋಗಿ ಕುಳಿತಿದ್ದರು. ಸರ್ಕಾರದ ಪಂಚರೂ ಹಾಗೇ ಏಳುತ್ತಾರೆಂದು ತಿಳಿದೆವು. ಎಂಥ ಗಮಾರರು ನೋಡಿ ನಾವು!

ಕಳೆದ ವಾರ ತಮ್ಮ ಪತ್ರ ಬಂತು. ಮಧ್ಯಸ್ಥಗಾರರು ತಾವು. ಸ್ಥಳ ತಮ್ಮ ಕೊಠಡಿ. ಎದುರುದಾರರೂ ತಾವೇ! ಜೊತೆಗೆ ಇದಕ್ಕೆಲ್ಲ "ನನ್ನ ಆಕ್ಷೇಪಣೆ ಇಲ್ಲ" ಎಂಬ ಫಾರ್ಮು, ನನ್ನ ಸಹಿಗೆ ಜಾಗ ಬಿಟ್ಟು. ಆಹಾ, ಎಂಥ ಕಾಳಜಿ! ಜವಾನ ಎದುರುದಾರರ ಹೆಸರು ಕೂಗಿದಾಗ ತಾವು ಕುರ್ಚಿಯಲ್ಲಿದ್ದೇ "ಹಾಜರ್" ಎನ್ನುವಿರೋ, ಈ ಕಡೆ ಬಂದು ನಿಂತು ಖಾಲಿ ಕುರ್ಚಿಗೆ ಕೈಮುಗಿಯುವಿರೋ? ಸಹಿ ಹಾಕದಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ಬೇರೆಯವರನ್ನು ಕೇಳಬೇಕಂತೆ, ನಮ್ಮ ವಕೀಲರು ಹೇಳಿದರು. ಅಂದರೆ ಮತ್ತೊಂದು ವರ್ಷ.

ಆ ವರ್ಷವನ್ನು ಕಾಡವ್ವ ಹೇಗೆ ಕಳೆಯಬೇಕು? ಮನೋಳಿಯಿಂದ ಬದನೆಕಾಯಿ ತಂದು ಮಾರುವ ಈಕೆ ಸಂತೆಯ ದಿನ ನಸುಕಿನಿಂದ ಸಂಜೆಯವರೆಗೆ ಹನಿ ನೀರು ಮುಟ್ಟುವುದಿಲ್ಲ. ಯಾಕೆಂದು ಕೇಳಿದೆ. "ನೀರ ಕುಡದು ಎಲ್ಲಿಗಿ ಹೋಗ್ಲಿ ತಂಗೀ? ಗಂಡಸರ್ಹಂಗ ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರಾಕ ಬರತೈತೇನು?" ಹೋದ ತಿಂಗಳು ತಕ್ಕಡಿ ಹಿಡಿದಲ್ಲೇ ಕುಸಿದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಡಾಕ್ಟರು. ಈ ವಾರವೂ ಸಂತೆಗೆ ಬಂದಿದ್ದಳು, ಈ ವಾರವೂ ನೀರು ಕುಡಿಯಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ, ಸ್ವಾಮಿ.

ತಮ್ಮ ಫಾರ್ಮಿಗೆ ನಾನು ಸಹಿ ಹಾಕುವುದಿಲ್ಲ. ಹದಿನೈದು ದಿನದೊಳಗೆ ತಮ್ಮ ಕಚೇರಿಗೆ ಸಂಬಂಧವಿಲ್ಲದ ಒಬ್ಬರನ್ನು ಇಬ್ಬರೂ ಒಪ್ಪಿ ನೇಮಿಸೋಣ. ಅಲ್ಲಿಯವರೆಗೆ ಬೀಗ ತೆಗೆಸಿ. ನೀರನ್ನು ಕೊಡದಲ್ಲಿ ನಾವೇ ಹೊತ್ತು ಹಾಕುತ್ತೇವೆ. ಇಲ್ಲ, ತೀರ್ಪು ತಾವೇ ಕೊಡಬೇಕೆಂದರೆ ಅದೂ ಆಗಲಿ. ವಿಚಾರಣೆ ಸಂತೆಯ ದಿನ, ಕಾಡವ್ವನ ಪಕ್ಕದಲ್ಲಿ, ಗೋಣಿತಟ್ಟಿನ ಮೇಲೆ, ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ. ಚಹಾ ನಮ್ಮ ಸಂಘದ್ದು, ಎಷ್ಟು ಕಪ್ಪು ಬೇಕಾದರೂ ಕುಡಿಯಿರಿ. ನಡುವೆ ಎದ್ದು ಹೋಗಬೇಕೆನಿಸಿದರೆ ಲಿಖಿತ ಅರ್ಜಿ ಕೊಡಿ. ಅದನ್ನು ತೀರ್ಮಾನಿಸುವ ಮಧ್ಯಸ್ಥಗಾರ್ತಿ ಕಾಡವ್ವ.

ಇಂತಿ,
ಒಮ್ಮೆ ಸಹಿ ಹಾಕಿ ಕೆಟ್ಟು, ಈಗ ಈ ಪತ್ರಕ್ಕೆ ಮಾತ್ರ ಹಾಕುತ್ತಿರುವ
ಸೋಮವ್ವ
ಸವದತ್ತಿ ತಾಲೂಕು