ಪಕ್ಕೆಲುಬಿನ ಕೆಳಗೆ

ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 6.30

ಮತ್ತೆ ಗ್ಯಾಸಿನ ಮಾತ್ರೆ. ಇದು ಮೂರನೆಯ ದಿನ. ಬಲಗಡೆ ಪಕ್ಕೆಲುಬಿನ ಕೆಳಗೆ ಸುಡುತ್ತದೆ, ನಡುನಡುವೆ ಸೂಜಿ ಚುಚ್ಚಿದ ಹಾಗೆ. ಉಂಡರೂ ಅಷ್ಟೇ, ಉಣ್ಣದಿದ್ದರೂ ಅಷ್ಟೇ. ನಮ್ಮ ಯಜಮಾನರದ್ದು ಒಂದೇ ರಾಗ — "ಅದು ಶುಕ್ರವಾರ ಉಂಡ ಕಡ್ಲೆ ಗಸಿಯದ್ದೇ ಮಾರಾಯ್ತಿ, ಗ್ಯಾಸ್." ಮೂರು ದಿನದಿಂದ ಕುಡಿದದ್ದು ಗಂಜಿ ಮಾತ್ರ. ಹೇಳಿ ಸಾಕಾಯಿತು.

ಫೆಬ್ರವರಿ 11

ಬಂಟ್ವಾಳದ ಕ್ಲಿನಿಕ್. ಕಾದದ್ದು ಒಂದೂವರೆ ಗಂಟೆ, ನೋಡಿದ್ದು ಎರಡು ನಿಮಿಷ. ಇ.ಸಿ.ಜಿ. ಸರಿ ಉಂಟಂತೆ. ಡಾಕ್ಟ್ರು ಸೀರೆಯ ಮೇಲಿಂದಲೇ ಒತ್ತಿ, "ಅರುವತ್ತೆಂಟಲ್ವಾ ಟೀಚರ್? ಈ ಪ್ರಾಯದಲ್ಲಿ ಗ್ಯಾಸ್ ಎಲ್ಲ ಇದ್ದದ್ದೇ" ಎಂದರು.

"ಡಾಕ್ಟ್ರೇ, ಸೆರಗು ತಾಗಿದರೂ ಉರಿಯುತ್ತದೆ" ಎಂದೆ. ಅಷ್ಟರಲ್ಲಿ ಚೀಟಿ ಬರೆದಾಗಿತ್ತು.

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳು. ನನ್ನ ಮಾತು ಪೂರ್ತಿ ಕೇಳಲು ಒಬ್ಬರಿಗೂ ಪುರುಸೊತ್ತಿಲ್ಲ.

ಫೆಬ್ರವರಿ 13, ಸಂಜೆ

ಮಗಳು ಜ್ಯೋತ್ಸ್ನಾ ಮೂಡುಬಿದಿರೆಗೆ, ತನ್ನ ಮನೆಗೆ ಕರೆಸಿಕೊಂಡಳು. ಸ್ಕ್ಯಾನ್ ಆಯಿತು. ಪಿತ್ತಕೋಶದಲ್ಲಿ ತೊಗರಿಬೇಳೆಯಷ್ಟು ಕಲ್ಲು. ಎಲ್ಲರಿಗೂ ಏನು ಖುಷಿ!

"ಕಡೆಗೂ ಸಿಕ್ಕಿತಲ್ಲ ಅಮ್ಮ. ಶನಿವಾರ ತೆಗೆಸಿಬಿಡುವ" ಎಂದಳು ಮಗಳು.

ಸರ್ಜನ್ ಹತ್ತಿರ ಕೇಳಿದೆ — ನೋವು ಈ ಕಲ್ಲಿನದ್ದೇ ಎಂದು ಹೇಗೆ ಗೊತ್ತು?

"ಮತ್ತೆ ಎಂಥದ್ದು ಅಮ್ಮ? ಬೇರೆ ಎಲ್ಲ ನಾರ್ಮಲ್ ಉಂಟಲ್ಲ."

ಇದು ಉತ್ತರವಾ? ಮಕ್ಕಳು ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಯಜಮಾನರು ನನ್ನನ್ನು ಕೇಳದೆ ಕಾಗದಕ್ಕೆ ಸಹಿ ಹಾಕಿಯೇಬಿಟ್ಟರು. ಹೊಟ್ಟೆ ನನ್ನದು, ಸಹಿ ಇವರದ್ದು!

ಫೆಬ್ರವರಿ 15, ಆಸ್ಪತ್ರೆ

ಆಪರೇಷನ್ ಇಲ್ಲ.

ಬೆಳಿಗ್ಗೆ ಆಪರೇಷನ್ನಿಗೆಂದು ಹೊಟ್ಟೆ ಒರೆಸಲು ನರ್ಸ್ ತ್ರಿಶಾ ಬಂದಳು. ಬಟ್ಟೆ ಸರಿಸಿದವಳು ಹಾಗೇ ನಿಂತಳು.

"ಅಮ್ಮ, ಇದು ಯಾವಾಗ ಎದ್ದದ್ದು?"

ಪಕ್ಕೆಲುಬಿನ ಕೆಳಗಿಂದ ಬೆನ್ನಿನವರೆಗೆ, ಬಲಗಡೆ ಮಾತ್ರ, ಪಟ್ಟಿಯ ಹಾಗೆ ನೀರುಗುಳ್ಳೆ. ನಿನ್ನೆ ಸ್ನಾನದಲ್ಲಿ ಕೆಂಪಗೆ ಕಂಡಿತ್ತು. ನೋವಿಗೆ ಇಟ್ಟ ಬಿಸಿನೀರಿನ ಚೀಲದ್ದು ಎಂದು ಬಿಟ್ಟಿದ್ದೆ. ನಾನೂ ಕಡಿಮೆಯಲ್ಲ.

ಸರ್ಜನ್ ಬಂದು ನೋಡಿದರು. "ಸರ್ಪಸುತ್ತು. ಕೆಲವರಿಗೆ ಗುಳ್ಳೆ ಏಳುವ ಮೊದಲೇ ನೋವು ಶುರುವಾಗ್ತದೆ. ಕಲ್ಲು ಎಷ್ಟು ವರ್ಷದಿಂದ ಉಂಟೋ... ತೊಂದರೆ ಕೊಡದಿದ್ದರೆ ಇರಲಿ."

ಇರಲಿ! ಕೊಯ್ಯಲು ಇನ್ನು ಅರ್ಧ ಗಂಟೆಯಷ್ಟೇ ಇತ್ತು.

ಫೆಬ್ರವರಿ 18, ಬಂಟ್ವಾಳ, ಮಧ್ಯಾಹ್ನ

ದಿನಕ್ಕೆ ಐದು ಹೊತ್ತು ಮಾತ್ರೆ. ಉರಿ ಇಳಿದಿಲ್ಲ. ತಿಂಗಳುಗಟ್ಟಲೆ ಇರಲೂಬಹುದಂತೆ. ಇವರಿಗೆ ಬೆಳಿಗ್ಗೆಯಿಂದ ನಾಗದೋಷಕ್ಕೆ ಆಶ್ಲೇಷಾ ಬಲಿ ಮಾಡಿಸುವ ಮಾತೇ. ರೇಗಿಹೋಯಿತು.

"ವಾರವಿಡೀ ಗ್ಯಾಸ್ ಗ್ಯಾಸ್ ಅಂದ್ರಿ. ಈಗ ನಾಗನ ಮೇಲೆ ಹಾಕುವುದಾ?"

ಇವರು ಕೈಯಲ್ಲಿದ್ದ ಮಾತ್ರೆ ಮೇಜಿನ ಮೇಲಿಟ್ಟರು. ಆಮೇಲೆ —

"ನನ್ನ ಅಕ್ಕನಿಗೂ ಹೀಗೇ ಹೊಟ್ಟೆನೋವು ಅಂತ ಶುರುವಾದದ್ದು ಶಶಿ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಎರಡೇ ತಿಂಗಳು ಇದ್ದದ್ದು. ನಿನ್ನದೂ ಅದೇ ಅಂತ ಗ್ರಹಿಸಿದ್ದೆ. ಗ್ಯಾಸ್ ಅಂತ ಹೇಳದೆ ಮತ್ತೆ ಎಂಥ ಹೇಳುವುದು?"

ಮಾತ್ರೆಗೆಂದು ತಂದ ನೀರಿನ ಲೋಟ ಹಿಡಿದೇ ನಿಂತಿದ್ದರು.

ಬೈಯಲು ವಾರದಿಂದ ಕೂಡಿಟ್ಟದ್ದೆಲ್ಲ ಬಿಟ್ಟು, ಲೋಟ ತೆಗೆದುಕೊಂಡು ಮಾತ್ರೆ ನುಂಗಿದೆ.